ಸರಪಳಿಯ ಆನೆ, ಹಿಡಿಕೆಯ ಗಿಳಿ

ಕೋಲ್ಹಾಪುರಕ್ಕೆ ಹೋದ ನಮ್ಮ ಕಡೆಯ ಹೆಂಗಸರು ನೋಡುವುದು ಮಹಾಲಕ್ಷ್ಮಿಯ ಗುಡಿ, ತರುವುದು ಬೆಲ್ಲ ಮತ್ತು ಚಪ್ಪಲಿ. ನಾನೂ ಎರಡು ಸಲ ಹಾಗೆಯೇ ಹೋಗಿ ಬಂದವಳು. ಮೂರನೆಯ ಸಲ ಕಮಲನಗರದಿಂದ ಹತ್ತು-ಹನ್ನೆರಡು ಜನ ಕೂಡಿ ಹೋದಾಗ ಬಸ್ಸು ಹೊರಡಲು ಇನ್ನೂ ಎರಡು ತಾಸು ಇತ್ತು. ಉಳಿದವರು ಸೀರೆ ಅಂಗಡಿಗೆ ಹೋದರು. ನಾನು ಟೌನ್‌ಹಾಲ್ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ನೋಡಿದ ಸಣ್ಣ ಕಂಚಿನ ಸಾಮಾನುಗಳು ಮನೆಗೆ ಬಂದಮೇಲೂ ನನ್ನನ್ನು ಬಿಡಲಿಲ್ಲ. ಅವುಗಳ ನೆಪದಲ್ಲಿ ನಮ್ಮ ಮನೆಯಿಂದ ಹೋದ ಒಂದು ವಸ್ತುವಿನ ಬಗ್ಗೆಯೂ, ಇಂಥ ವಸ್ತುಗಳನ್ನು ನಾವು ಬೆಲೆ ಕಟ್ಟುವ ರೀತಿಯ ಬಗ್ಗೆಯೂ ನಾಲ್ಕು ಮಾತು ಬರೆಯಬೇಕೆನಿಸಿದೆ.

ಕೋಲ್ಹಾಪುರದ ಪಂಚಗಂಗಾ ನದಿಯ ದಂಡೆಯಲ್ಲಿ ಬ್ರಹ್ಮಪುರಿ ಎಂಬ ದಿಬ್ಬವಿದೆ. 1944-45ರಲ್ಲಿ ಅಲ್ಲಿ ಕಂಚಿನ ವಸ್ತುಗಳ ಒಂದು ಗಂಟೇ ಸಿಕ್ಕಿತು. ಅದನ್ನು ಬೆಳಕಿಗೆ ತಂದವರಲ್ಲಿ ಮುಖ್ಯರು ಕೆ. ಜಿ. ಕುಂದಣಗಾರರು. ಕೋಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ, 1961ರ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ನಮ್ಮ ಕನ್ನಡದ ವಿದ್ವಾಂಸರೇ ಅವರು. ಕಲಾ ಇತಿಹಾಸಕಾರ ಕಾರ್ಲ್ ಖಂಡಾಲಾವಾಲಾ 1960ರಲ್ಲಿ ಈ ವಸ್ತುಗಳ ಬಗ್ಗೆ ಬರೆದಾಗ ಅವನ್ನು ಕುಂದಣಗಾರರ ಹೆಸರಿನಿಂದಲೇ ಕರೆದರು. ಕುಂದಣಗಾರ ಎಂದರೆ ಬಂಗಾರದಲ್ಲಿ ಹರಳು ಕೂಡಿಸುವವನು. ಒಂದು ವಸ್ತುವನ್ನು ಇನ್ನೊಂದರಲ್ಲಿ ಗಟ್ಟಿಯಾಗಿ ಕೂಡಿಸುವುದೇ ಈ ಲೇಖನದ ವಿಷಯವಾದ್ದರಿಂದ ಆ ಹೆಸರು ಓದಿ ನನಗೆ ಸಂತೋಷವಾಯಿತು.

ಆ ಗಂಟಿನಲ್ಲಿ ಪ್ರಸಿದ್ಧವಾದದ್ದು ಒಂದು ಗೇಣಿಗೂ ಕಡಿಮೆ ಎತ್ತರದ ಸಮುದ್ರದೇವ ಪೊಸೈಡನ್ನನ ಮೂರ್ತಿ. ರೋಮನ್ ಸಾಮ್ರಾಜ್ಯದಿಂದ ಹಡಗಿನಲ್ಲಿ ಬಂದದ್ದು. ಅದರ ಜೊತೆ ರೋಮನ್ ಹೂಜಿ, ಕನ್ನಡಿ ಮೊದಲಾದವೂ ಇದ್ದವು. ನಮ್ಮ ನೆಲದಲ್ಲಿಯೇ ಆದ, ಬೆನ್ನ ಮೇಲೆ ಜನರನ್ನು ಹೊತ್ತ ಪುಟ್ಟ ಕಂಚಿನ ಆನೆಯೂ ಇತ್ತು. ಎಲ್ಲರೂ ಬರೆದದ್ದು ಪೊಸೈಡನ್ನನ ಬಗ್ಗೆ. ದೇವರು ಯಾವತ್ತೂ ದೊಡ್ಡವನು. ಹೂಜಿ ಹಿಡಿದವರು ಯಾರು, ಅದರ ಹಿಡಿಕೆ ಕೈಗೆ ಹೇಗೆ ಕೂಡುತ್ತಿತ್ತು ಎಂದು ಕೇಳಿದವರು ಕಡಿಮೆ.

ಆ ಕಾಲದಲ್ಲಿ ನಮ್ಮ ಸೀಮೆಗೂ ರೋಮಿಗೂ ಇದ್ದ ಸಂಬಂಧ ಪುಸ್ತಕದ ಮಾತಲ್ಲ. ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರೇ ಹಳೆಯ ತಗರ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಕೈಪಿಡಿ, ತಗರದಿಂದ ಬಟ್ಟೆಗಳು ಬಂಡಿಯ ಮೇಲೆ ಭರೂಚ್ ಬಂದರಿಗೆ ಹೋಗುತ್ತಿದ್ದವೆಂದು ಹೇಳುತ್ತದೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇ ಪಟ್ಟಣದ ಮನೆಯೊಂದರಲ್ಲಿ 1938ರಲ್ಲಿ ಭಾರತದ ದಂತದ ಹೆಣ್ಣುಮೂರ್ತಿಯೊಂದು ಸಿಕ್ಕಿತು. ಅದೇ ಬಗೆಯ ದಂತದ ಮೂರ್ತಿ ತೇರಿನಲ್ಲಿಯೂ ಸಿಕ್ಕಿದೆ. ಪಾಂಪೇಯ ಮೂರ್ತಿಯ ತಲೆಯಲ್ಲಿ ಮೇಲಿನಿಂದ ಒಂದು ರಂಧ್ರವಿದೆ. ಅಂದರೆ ಅದು ಒಂಟಿಯಾಗಿ ನಿಲ್ಲಿಸಿದ ಮೂರ್ತಿಯಲ್ಲ. ಕನ್ನಡಿಯ ಹಿಡಿಕೆಯೋ, ಸಣ್ಣ ಪೀಠದ ಕಾಲೋ ಆಗಿದ್ದಿರಬೇಕು ಎನ್ನುತ್ತಾರೆ. ಅವರ ಹೂಜಿ ನಮ್ಮಲ್ಲಿಗೆ ಬಂತು, ನಮ್ಮ ಹಿಡಿಕೆ ಅವರ ಮನೆಗೆ ಹೋಯಿತು.

ರೋಮನ್ನರ ಮನೆಯ ಸಾಮಾನುಗಳಲ್ಲಿ ಪ್ರಾಣಿಗಳು ತುಂಬಿದ್ದವು. ಮೇಜಿನ ಕಾಲು ಸಿಂಹದ ಪಂಜ. ಪಾತ್ರೆಯ ಹಿಡಿಕೆ ಡಾಲ್ಫಿನ್ ಮೀನು. ಅವರು ಊಟ ಮಾಡುತ್ತಿದ್ದುದು ಮಂಚದ ಮೇಲೆ ಎಡಮೊಣಕೈ ಊರಿ ಒರಗಿಕೊಂಡು. ಆ ಮಂಚದ ತಲೆಗಟ್ಟಿನ ತುದಿಗೆ ಕಂಚಿನ ಹೇಸರಗತ್ತೆಯ ತಲೆ ಕೂಡಿಸುತ್ತಿದ್ದರು, ಕೆಲವಕ್ಕೆ ಬಾತುಕೋಳಿ ಅಥವಾ ನಾಯಿಯ ತಲೆ. ಕತ್ತೆಯ ಕೊರಳಿಗೆ ದ್ರಾಕ್ಷಿಬಳ್ಳಿಯ ಮಾಲೆ. ಕೆಲವದರಲ್ಲಿ ಬೆಳ್ಳಿಯ ತಂತಿಯ ಕೆತ್ತನೆ, ನಮ್ಮ ಬಿದರಿಯಂತೆ. ಹೇಸರಗತ್ತೆ ಮದ್ಯದ ದೇವರಾದ ಡಯೋನೈಸಸ್ಸನ ಮೆರವಣಿಗೆಯ ಪ್ರಾಣಿ. ಊಟ, ಮದ್ಯ, ಹರಟೆ ನಡೆಯುವ ಮಂಚಕ್ಕೆ ಅದು ಹೊಂದುತ್ತದೆ.

ಇನ್ನೊಂದು ಉದಾಹರಣೆ ರೋಮಿನ ಹತ್ತಿರದ ನೇಮಿ ಸರೋವರದ್ದು. ಕಲಿಗುಲ ಚಕ್ರವರ್ತಿ ಅಲ್ಲಿ ಎರಡು ಭಾರೀ ನೌಕೆಗಳನ್ನು ಕಟ್ಟಿಸಿದ್ದ. ಅವುಗಳ ತೊಲೆಗಳ ತುದಿಗೆ ತೋಳ, ಸಿಂಹ, ಚಿರತೆಗಳ ಕಂಚಿನ ತಲೆಗಳಿದ್ದವು. ಒಂದೊಂದೂ ಹಲ್ಲಿನಲ್ಲಿ ಒಂದು ಬಳೆ ಕಚ್ಚಿಕೊಂಡಿತ್ತು. 1928ರಿಂದ 1932ರವರೆಗೆ ಸರೋವರದ ನೀರು ತೆಗೆದು ನೌಕೆಗಳನ್ನು ಹೊರತಂದರು. 1944ರ ಮೇ 31ರ ರಾತ್ರಿ, ಯುದ್ಧದ ನಡುವೆ, ಆ ನೌಕೆಗಳು ಸುಟ್ಟುಹೋದವು. ಮರ ಬೂದಿಯಾಯಿತು. ಕಂಚಿನ ತಲೆಗಳು ಉಳಿದವು.

ಇಲ್ಲಿಂದ ನನ್ನ ತಕರಾರು ಶುರುವಾಗುತ್ತದೆ. ಮರದ ಮಂಚ ಕೊಳೆತುಹೋಗಿ ಕತ್ತೆಯ ತಲೆ ಮಾತ್ರ ಉಳಿದಾಗ ನಾವು ಮಾಡುವುದೇನು? ಅದನ್ನು ಒಂದು ಕಂಬದ ಮೇಲೆ ನಿಲ್ಲಿಸಿ, ದೀಪ ಹಾಕಿ, ಶಿಲ್ಪವೆಂದು ಹೊಗಳುತ್ತೇವೆ. ಕಲೆಯ ಬಗೆಗಿನ ದೊಡ್ಡ ಪುಸ್ತಕಗಳು ಇಂಥವನ್ನು ಅಲಂಕಾರಿಕ ಕಲೆ ಎಂಬ ಕೊನೆಯ ಅಧ್ಯಾಯಕ್ಕೆ ಹಾಕುತ್ತವೆ. ಹೊಗಳುವಾಗಲೂ, “ಇದು ಅಲಂಕಾರವಾದರೂ ಶಿಲ್ಪದಷ್ಟೇ ಸೊಗಸು” ಎನ್ನುವ ಧಾಟಿ. ಅಡುಗೆ ಚೆನ್ನಾಗಿದೆ, ಹೋಟೆಲಿನ ಹಾಗೇ ಇದೆ ಎಂದು ಮನೆಯವಳಿಗೆ ಹೇಳಿದಂತೆ. ಹೊಗಳಿಕೆಯೇ ಹೌದು, ಆದರೆ ಅಳತೆಗೋಲು ಬೇರೆಯವರದು.

ಈ ವಸ್ತುಗಳಿಗೆ ತಮ್ಮದೇ ಅಳತೆಗೋಲು ಇರಬೇಕಲ್ಲವೆ? ನನಗೆ ಮೊದಲು ತೋಚಿದ್ದು ಇದು: ಪ್ರಾಣಿಯ ಸ್ವಭಾವವೂ ವಸ್ತುವಿನ ಕೆಲಸವೂ ಕೂಡಿಬರಬೇಕು. ಬಳೆ ಹಿಡಿಯಬೇಕಾದ ಕಡೆ ಕಚ್ಚುವ ಸಿಂಹ ಸರಿ. ಭಾರ ಹೊರುವ ಮೇಜಿಗೆ ಪಂಜ ಸರಿ. ನಮ್ಮ ಮನೆಗಳನ್ನೇ ನೋಡಿ. ಗಿಳಿಯ ಆಕಾರದ ಅಡಕೊತ್ತು ಇದೆಯಲ್ಲ, ಅಡಿಕೆ ಒಡೆಯುವ ಕೆಲಸಕ್ಕೆ ಕೊಕ್ಕಿನ ಹಕ್ಕಿ. ಹಳೆಯ ವಾಡೆಗಳ ಬಾಗಿಲಿನ ಹಿತ್ತಾಳೆಯ ಸಿಂಹಮುಖಕ್ಕೂ ನೇಮಿಯ ಸಿಂಹಕ್ಕೂ ಮಾಡುವ ಕೆಲಸ ಒಂದೇ, ಬಾಯಲ್ಲಿ ಬಳೆ ಹಿಡಿದು ಕೂಡುವುದು. ಈ ಅಳತೆಯಿಂದ ನೋಡಿದರೆ ಈಗ ಅಂಗಡಿಗಳಲ್ಲಿ ಕಪಾಟಿನ ಹಿಡಿಕೆಗೂ ಸೋಪಿನ ತಟ್ಟೆಗೂ ಟವೆಲ್ ಕೋಲಿಗೂ ಒಂದೇ ಕುದುರೆತಲೆ ಅಂಟಿಸಿರುವುದು ಏಕೆ ಕಣ್ಣಿಗೆ ಹಿತವಲ್ಲ ಎಂಬುದು ತಿಳಿಯುತ್ತದೆ. ಕುದುರೆಗೂ ಸೋಪಿಗೂ ಏನು ಸಂಬಂಧ?

ಈ ಸೂತ್ರ ಕಂಡುಹಿಡಿದು ನಾನು ಬಹಳ ಹಿಗ್ಗಿದ್ದೆ. ಆದರೆ ನಮ್ಮ ಮನೆಯ ಜೋಕಾಲಿಯ ನೆನಪು ಬಂದು ಅದು ಕುಸಿಯಿತು.

ನಮ್ಮ ಅತ್ತೆಯವರ ಪಡಸಾಲೆಯಲ್ಲಿ ಸಾಗವಾನಿಯ ಹಲಗೆಯ ಜೋಕಾಲಿ ಇತ್ತು. ಮನೆಯ ಮರಾಠಿ ಸೊಸೆಯಂದಿರು ಅದಕ್ಕೆ ಝೋಪಾಳಾ ಎನ್ನುತ್ತಿದ್ದರು. ನಾಲ್ಕು ಹಿತ್ತಾಳೆಯ ಸರಪಳಿ. ಒಂದೊಂದರಲ್ಲೂ ಉದ್ದನೆಯ ಸರಳುಗಳ ನಡುನಡುವೆ ಮೂರು ಪ್ರಾಣಿಗಳು. ಹಲಗೆಗೆ ಹತ್ತಿರ ಆನೆ, ಅದರ ಮೇಲೆ ನವಿಲು, ಇನ್ನೂ ಮೇಲೆ ಗಿಳಿ. ಒಂದು ಸರಪಳಿಯ ಆನೆ ಎಂದೋ ಕಳೆದು, ಬೇರೆ ಯಾರೋ ಮಾಡಿದ ಆನೆ ಬಂದಿತ್ತು. ಅದರ ಸೊಂಡಿಲು ದಪ್ಪ, ಕಿವಿ ಸಣ್ಣದು. ಮಕ್ಕಳು ಅದಕ್ಕೆ ಹಂದಿ ಎನ್ನುತ್ತಿದ್ದರು. ದಸರೆ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ಅವನ್ನು ತಿಕ್ಕುವ ಕೆಲಸ ಸೊಸೆಯಂದಿರದು. ಹೀಗಾಗಿ ಆ ಹನ್ನೆರಡು ಪ್ರಾಣಿಗಳ ಮೈಯ ಪ್ರತಿಯೊಂದು ಸಂದು ನನ್ನ ಬೆರಳಿಗೆ ಗೊತ್ತಿತ್ತು.

ಇಂಥ ಸರಪಳಿಯ ಪ್ರಾಣಿಗಳನ್ನು ಮೇಣದ ಎರಕದಲ್ಲಿ ಮಾಡುತ್ತಿದ್ದರು. ಜೇನುಮೇಣದಲ್ಲಿ ಆನೆ ಮಾಡಿ, ಅದಕ್ಕೆ ನಯವಾದ ಮಣ್ಣು ಸವರಿ ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಲೋಹ ಸುರಿದು, ಆರಿದಮೇಲೆ ಮಣ್ಣು ಒಡೆಯುತ್ತಾರೆ. ಅಚ್ಚು ಒಡೆದುಹೋಗುವುದರಿಂದ ಒಂದರಂತೆ ಇನ್ನೊಂದು ಪೂರ್ತಿ ಇರುವುದಿಲ್ಲ. ರೋಮನ್ನರದೂ ಇದೇ ವಿದ್ಯೆ. ಅದನ್ನು ಕಲಿಯಲು ನಾವು ರೋಮಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಸುಮಾರು 1130ರಲ್ಲಿ ಮಾಡಿದ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಈ ವಿಧಾನವನ್ನು ವಿವರಿಸಿದ್ದಾನೆ. ಮೇಣವನ್ನು ಮೊದಲೇ ತೂಗಿಕೊಳ್ಳಬೇಕು. ಹಿತ್ತಾಳೆ, ತಾಮ್ರವಾದರೆ ಮೇಣದ ಎಂಟು ಅಥವಾ ಹತ್ತು ಪಟ್ಟು, ಬೆಳ್ಳಿಯಾದರೆ ಹನ್ನೆರಡು ಪಟ್ಟು, ಬಂಗಾರವಾದರೆ ಹದಿನಾರು ಪಟ್ಟು ತೂಕ ಬೇಕು ಎಂದು ಲೆಕ್ಕವನ್ನೂ ಕೊಡುತ್ತಾನೆ. ತೂಕದ ಮಾತು ಇಲ್ಲಿಯೂ ಬಂತು ನೋಡಿ. ಆದರೆ ರಾಜನು ತೂಗಿಸಿದ್ದು ಆಕಾರ ಕೊಡುವುದಕ್ಕೆ. ನಾವು ತೂಗಿಸಿದ್ದು ಬೇರೆ ಕಾರಣಕ್ಕೆ.

ಅತ್ತ ಬರುವ ಮೊದಲು ನನ್ನ ಸೂತ್ರದ ಗತಿ ಹೇಳಿಬಿಡುತ್ತೇನೆ. ಸರಪಳಿಯಲ್ಲಿ ಆನೆ ಇರುವುದು ಸರಿ, ಅದು ಭಾರ ಹೊರುವ ಪ್ರಾಣಿ. ನವಿಲು? ಗಿಳಿ? ಅವುಗಳ ಬೆನ್ನಿನ ಬಳೆಯಿಂದ ಕಾಲಿನ ಬಳೆಯವರೆಗೆ ಅಷ್ಟೇ ಭಾರ ಜಗ್ಗುತ್ತದೆ. ಗಿಳಿ ಇಬ್ಬರು ಹೆಂಗಸರನ್ನು ಹೊರುತ್ತದೆಯೇ? ನನ್ನ ಸೂತ್ರದ ಪ್ರಕಾರ ಇವು ತಪ್ಪು. ಆದರೆ ಆ ಸರಪಳಿ ತಪ್ಪೆಂದು ಅದನ್ನು ಕಂಡ ಯಾರಿಗೂ ಅನಿಸಿರಲಿಲ್ಲ.

ಬಹಳ ದಿನಗಳ ಮೇಲೆ, ಒಂದು ಮಧ್ಯಾಹ್ನ ಯಾವುದೋ ಕೆಲಸದ ನಡುವೆ, ಆ ಪಡಸಾಲೆಯನ್ನು ನೆನೆಯುತ್ತ ಉತ್ತರ ಹೊಳೆಯಿತು. ಆನೆ ಇದ್ದದ್ದು ಅಂಬೆಗಾಲಿಡುವ ಕೂಸು ಎದ್ದು ನಿಂತರೆ ಕೈಗೆ ಸಿಗುವ ಎತ್ತರದಲ್ಲಿ. ನಾಲ್ಕೂ ಆನೆಗಳ ಸೊಂಡಿಲು ಸವೆದು ನುಣುಪಾಗಿದ್ದವು. ಮನೆಯ ಕೂಸುಗಳೆಲ್ಲ ಹಲ್ಲು ಬರುವಾಗ ಅವನ್ನು ಬಾಯಿಗೆ ಹಾಕಿಕೊಂಡಿದ್ದವು. ನವಿಲು ಇದ್ದದ್ದು ಹಲಗೆಯ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ. ಮದುವೆಯಾಗಿ ಬಂದ ಹೊಸತರಲ್ಲಿ, ಯಾರ ಮುಖ ನೋಡಬೇಕೆಂದು ತಿಳಿಯದೆ ಕೂತಾಗ ನಾನು ನೋಡುತ್ತಿದ್ದುದು ಆ ನವಿಲನ್ನು. ಗಿಳಿ ಇದ್ದದ್ದು ಹಿಂದೆ ನಿಂತು ತೂಗುವವರ ಮುಖದ ಎದುರಿಗೆ. ಎರಕದವನು ಪ್ರಾಣಿಗಳನ್ನು ಭಾರದ ಲೆಕ್ಕದಲ್ಲಿ ಹಂಚಿರಲಿಲ್ಲ. ಕೂಸು, ಕೂತವಳು, ತೂಗುವವಳು ಎಂದು ಹಂಚಿದ್ದ. ನಿಜವಾಗಿ ಹಾಗೆಂದುಕೊಂಡೇ ಮಾಡಿದನೋ ಇಲ್ಲವೋ, ಬಳಸಿದವರಿಗೆ ಅದು ಹಾಗೆ ಸೇರಿಬಂದಿತ್ತು.

ಹಾಗಾದರೆ ಈ ಬಗೆಯ ಕಲೆಯನ್ನು ಅಳೆಯುವಾಗ ಪ್ರಾಣಿ ಮತ್ತು ಕೆಲಸ ಎರಡೇ ಸಾಲವು. ಮೂರನೆಯದು ಬಳಸುವವರ ಮೈ. ಅವರ ಕೈ ಎಲ್ಲಿ, ಕಣ್ಣು ಎಲ್ಲಿ, ಅವರು ಕೂತಿದ್ದಾರೋ ನಿಂತಿದ್ದಾರೋ. ರೋಮಿನ ಕತ್ತೆಯನ್ನೂ ಈಗ ಮತ್ತೆ ನೋಡಿ. ಅದು ಇದ್ದದ್ದು ಒರಗಿ ಕೂತವನ ಮೊಣಕೈಯ ಬಳಿ. ಅದನ್ನು ತಂದು ನಿಂತವರ ಮುಖದ ಎತ್ತರಕ್ಕೆ ಇಟ್ಟರೆ ಗಂಭೀರವಾದ ಶಿಲ್ಪವಾಗಿ ಕಾಣುತ್ತದೆ. ಅದರ ಜಾಗದಲ್ಲಿ ಅದು ಗಂಭೀರವಾಗಿರಲಿಕ್ಕಿಲ್ಲ. ಕುಡಿದು ಹರಟುವವನ ಪಕ್ಕದಲ್ಲಿ ಮಾಲೆ ಹಾಕಿಕೊಂಡ ಒಂದು ಕತ್ತೆ ತಲೆ ತಿರುವಿ ನೋಡುತ್ತಿರುವುದು ನಗೆಯ ಮಾತೇ ಇದ್ದೀತು. ಆ ನಗೆ ಗಾಜಿನ ಪೆಟ್ಟಿಗೆಗೆ ಬರುವುದಿಲ್ಲ.

ಇನ್ನು ನಮ್ಮ ಸರಪಳಿ ಹೋದ ಕಥೆ. 1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಎಲ್ಲರೂ ತಡವಾಗಿ ಮಲಗಿದ್ದರು. ಬೆಳಗಿನ ನಾಲ್ಕು ಗಂಟೆಗೆ ಇನ್ನು ಕೆಲವೇ ನಿಮಿಷ ಇರುವಾಗ ನೆಲ ನಡುಗಿತು. ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಎಂಟು ಸಾವಿರ ಜನ ಸತ್ತರು. ಗಡಿಯ ಈಚೆಗಿದ್ದ ನಮ್ಮಲ್ಲಿ ಪಾತ್ರೆಗಳು ಬಿದ್ದವು, ಗೋಡೆ ಬಿರಿಯಿತು. ಮತ್ತೆ, ಯಾರೂ ಕೂಡದ ಜೋಕಾಲಿ ಕತ್ತಲಲ್ಲಿ ತಾನೇ ತೂಗತೊಡಗಿತು. ಅತ್ತೆಯವರನ್ನು ಎಬ್ಬಿಸಿದ್ದು ಸರಪಳಿಯ ಸದ್ದು. ಅವರು ಕೂಗಿದ್ದರಿಂದ ನಾವೆಲ್ಲ ಅಂಗಳಕ್ಕೆ ಓಡಿದೆವು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮನೆಗಳೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರೀ ಮಣ್ಣಿನ ಮಾಳಿಗೆ. ನಮ್ಮದೂ ಅಂಥದೇ ಮನೆ. ಮರುವರ್ಷ ಅದನ್ನು ಬಿಚ್ಚಿ ಸ್ಲ್ಯಾಬಿನ ಮನೆ ಕಟ್ಟಲು ನಿರ್ಧಾರವಾಯಿತು. ಆ ನಿರ್ಧಾರ ಸರಿಯಾದದ್ದೆಂದು ಇವತ್ತೂ ಹೇಳುತ್ತೇನೆ. ಹಳೆಯದೆಲ್ಲ ಚೆಂದ ಎಂದು ಹಳೆಯ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸಲು ಆಗುವುದಿಲ್ಲ. ಆದರೆ ಸರಪಳಿಯನ್ನು ಮಾರಬೇಕೆಂದವಳು ನಾನು. ಆ ರಾತ್ರಿಯ ಮೇಲೆ ಅದರ ಮೇಲೆ ಯಾರೂ ಕೂಡುತ್ತಿರಲಿಲ್ಲ. ಹೊಸ ಮನೆಯಲ್ಲಿ ಜಾಗವಿಲ್ಲ, ತಿಕ್ಕುವವರಿಲ್ಲ, ನೋಡಿದರೆ ಎದೆ ನಡುಗುತ್ತದೆ. ಇವು ನನ್ನ ಕಾರಣಗಳು. ಯಾವುದೂ ಸುಳ್ಳಲ್ಲ.

ಹಿತ್ತಾಳೆ ಕೊಳ್ಳುವವನು ತಕ್ಕಡಿ ತಂದ. ಹಳೆಯ ಹಂಡೆ, ಕೊಪ್ಪರಿಗೆ, ತಂಬಿಗೆಗಳ ಜೊತೆ ಸರಪಳಿಯನ್ನೂ ಹಾಕಿದೆವು. ಅತ್ತೆಯವರು ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಅಷ್ಟೂ ಹೊತ್ತು ಸುಮ್ಮನಿದ್ದವರು ಕೊನೆಗೆ ಕೇಳಿದರು:

“ತಂಬಗಿಗೂ ಅಷ್ಟೇ, ಆನಿಗೂ ಅಷ್ಟೇ ಏನೋ ತಮ್ಮಾ?”

“ಹಿತ್ತಾಳಿ ಅಂದ್ರ ಹಿತ್ತಾಳಿನೇ ಅಲ್ರೀ ಬಾಯಿ. ಕಿಲೋದ ಲೆಕ್ಕ,” ಎಂದ ಅವನು.

ಅತ್ತೆ ನನ್ನ ಕಡೆ ನೋಡಿದರು. ನಾನು, “ಹಂಗೇ ಇರ್ತದ ಅತ್ತಿ,” ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಆ ದುಡ್ಡಿಗೆ ಎರಡು ಸ್ಟೀಲಿನ ಕೊಡ, ಒಂದು ದೊಡ್ಡ ಡಬ್ಬಿ ಬಂದವು. ಕೊಡಗಳು ಈಗಲೂ ಇವೆ, ಚೆನ್ನಾಗಿಯೇ ಇವೆ.

ಕಲಾವಿಮರ್ಶೆಯ ಪುಸ್ತಕಗಳನ್ನು ನಾನು ಓದಿದ್ದು ಅದಾದ ಬಹಳ ವರ್ಷಗಳ ಮೇಲೆ. ಆಕಾರಕ್ಕೆ ಬೆಲೆ ಇದೆಯೇ, ಲೋಹಕ್ಕೆ ಮಾತ್ರ ಬೆಲೆಯೇ ಎಂಬ ಪ್ರಶ್ನೆಯನ್ನು ಅಕ್ಷರ ಬಾರದ ಅತ್ತೆ ಒಂದೇ ಮಾತಿನಲ್ಲಿ ಕೇಳಿದ್ದರು. ಓದಿದ ಸೊಸೆ ಕೊಟ್ಟ ಉತ್ತರ ಅಂಗಡಿಯವನದೇ ಆಗಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕರಗಿಸುವವನು, ಅವನಿಗೆ ತೂಕವೇ ಮುಖ್ಯ. ನಾನು ಹತ್ತಾರು ವರ್ಷ ತಿಕ್ಕಿದವಳು. ನನಗೆ ಗೊತ್ತಿರಬೇಕಿತ್ತು.

ಇದಕ್ಕೆ ಎದುರಾದ ಮಾತೂ ಇದೆ, ಅದನ್ನೂ ಹೇಳಬೇಕು. ಇಂಥ ಸರಪಳಿಗಳು ಈಗ ದೊಡ್ಡ ಊರುಗಳ ಪುರಾತನ ವಸ್ತುಗಳ ಅಂಗಡಿಯಲ್ಲಿ ಹೆಚ್ಚಿನ ಬೆಲೆಗೆ ಸಿಗುತ್ತವೆ. ಹೋಟೆಲುಗಳ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಅಲ್ಲಿ ಆನೆಗೆ ತಂಬಿಗೆಗಿಂತ ಬೆಲೆ ಹೆಚ್ಚು. ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಅರ್ಧ ಸಿಕ್ಕಿತು. ಗೋಡೆಯ ಮೇಲಿನ ಸರಪಳಿ ಏನನ್ನೂ ಹೊರುವುದಿಲ್ಲ, ತೂಗುವುದಿಲ್ಲ, ಸದ್ದು ಮಾಡುವುದಿಲ್ಲ. ಕರಗಿಸಿದವನು ಆಕಾರವನ್ನು ಮರೆತ. ಗೋಡೆಗೆ ಹಾಕಿದವನು ಕೆಲಸವನ್ನು ಮರೆತ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ಗೋಡೆಯೇ ಮೇಲು, ಯಾಕೆಂದರೆ ಅಲ್ಲಿಂದ ಒಂದು ದಿನ ಇಳಿಸಿ ಮತ್ತೆ ಹಲಗೆ ಕಟ್ಟಬಹುದು. ಕರಗಿದ್ದಕ್ಕೆ ಆ ದಾರಿ ಇಲ್ಲ.

ನಮ್ಮ ಬೀದರಿನ ಬಿದರಿ ಕಲೆಗೂ ಇದೇ ಮಾತು ಅನ್ವಯಿಸುತ್ತದೆ. ಸತು ಹೆಚ್ಚು, ತಾಮ್ರ ಕಡಿಮೆ ಕೂಡಿಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪಾಗಿಸುವ ಆ ವಿದ್ಯೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಸಂತೋಷದ ಸಂಗತಿ. ಆದರೆ ಬಿದರಿ ಒಂದು ಕಾಲಕ್ಕೆ ಹುಕ್ಕಾ, ಪಾನ್‌ದಾನ್, ಹೂಜಿಗಳಾಗಿ ದಿನವೂ ಕೈಯಲ್ಲಿ ಓಡಾಡುತ್ತಿತ್ತು. ಈಗ ನಾವು ಕೊಳ್ಳುವುದು ಶೋಕೇಸಿನ ನವಿಲು, ಶೋಕೇಸಿನ ಆನೆ. ಅವು ಯಾರ ಕೈಗೂ ಹತ್ತದೆ ಹೊಳೆಯುತ್ತವೆ. ಕುಶಲಕರ್ಮಿಗಳನ್ನು ನಾನು ದೂರುತ್ತಿಲ್ಲ. ನಾವು ಕೇಳಿದ್ದನ್ನು ಅವರು ಮಾಡಬೇಕು. ಒಂದು ಕುಂಕುಮದ ಭರಣಿ, ಒಂದು ಗುಂಡಿ, ಕಪಾಟಿನ ಒಂದು ಹಿಡಿಕೆ ಎಂದು ನಾವೇ ಕೇಳಿದರೆ ಅವರ ಕೈ ಮತ್ತೆ ಆ ದಾರಿ ಹಿಡಿದೀತು.

ನಮ್ಮ ಸರಪಳಿಯ ಒಂದು ಗಿಳಿ ಉಳಿದಿದೆ. ಅದರ ಮೇಲಿನ ಬಳೆ ಮಾರುವುದಕ್ಕೂ ಮೊದಲೇ ಮುರಿದು, ಆ ಜಾಗಕ್ಕೆ ಕಬ್ಬಿಣದ ಕೊಂಡಿ ಹಾಕಿದ್ದೆವು. ಗಿಳಿಯನ್ನು ಅತ್ತೆ ದೇವರ ಕಪಾಟಿನಲ್ಲಿ ಇಟ್ಟಿದ್ದರು. ತಕ್ಕಡಿಯ ದಿನ ಯಾರಿಗೂ ಅದರ ನೆನಪಾಗಲಿಲ್ಲ, ಅಥವಾ ಅವರು ಹೇಳಲಿಲ್ಲ. ಅವರು ತೀರಿಕೊಂಡಮೇಲೆ ನನಗೆ ಸಿಕ್ಕಿತು. ಈಗ ಅದೂ ರೋಮಿನ ಕತ್ತೆಯ ಹಾಗೆ, ಮಂಚವಿಲ್ಲದ ತಲೆ. ಬಂದವರು, “ಎಷ್ಟ್ ಚೆಂದದ ರೀ, ಎಲ್ಲಿ ತಗೊಂಡ್ರಿ?” ಎನ್ನುತ್ತಾರೆ.

ಕೋಲ್ಹಾಪುರದಿಂದ ಬಂದಮೇಲೆ ಅದಕ್ಕೊಂದು ಚೀಟಿ ಬರೆದು ಕಟ್ಟಿದ್ದೇನೆ. “ಜೋಕಾಲಿಯ ಸರಪಳಿಯ ಮೂರನೆಯ ಪ್ರಾಣಿ. ಹಿಂದೆ ನಿಂತು ತೂಗುವವರ ಮುಖದ ಎದುರಿಗೆ ಇತ್ತು. ಕೆಳಗೆ ನವಿಲು, ಅದರ ಕೆಳಗೆ ಆನೆ. ಉಳಿದ ಹನ್ನೊಂದು 1994ರಲ್ಲಿ ಕಿಲೋ ಲೆಕ್ಕದಲ್ಲಿ ಹೋದವು. ಮಾರಿದವಳು ಸೊಸೆ.”

ನಿಮ್ಮ ಮನೆಯಲ್ಲಿಯೂ ಇಂಥ ಒಂದು ಕೊಂಡಿ, ಒಂದು ಅಡಕೊತ್ತು, ಎತ್ತಿನ ಕೊಂಬಿನ ಹಿತ್ತಾಳೆಯ ಅಣಸು ಇದ್ದೀತು. ಇಟ್ಟುಕೊಳ್ಳಿ ಎಂದು ಹೇಳುವ ಹಕ್ಕು ನನಗಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗವಿಲ್ಲ. ಆದರೆ ತಕ್ಕಡಿಗೆ ಹಾಕುವ ಮೊದಲು ಅದು ಎಲ್ಲಿ ಕೂಡುತ್ತಿತ್ತು, ಯಾರ ಕೈಗೆ ಸಿಗುತ್ತಿತ್ತು ಎಂದು ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ, ಒಂದು ಚೀಟಿಯಲ್ಲಿ ಬರೆದಿಡಿ. ಆ ದಿನ ನಾನು ಕೇಳಿದ್ದರೆ ಅತ್ತೆ ಹೇಳುತ್ತಿದ್ದರು.